ಯಾರು ತಂದದ್ದು?

ನಮ್ಮೂರಿನ ಗೋಳಿಮರವನ್ನು ಕಡಿಸಬೇಕೆಂದು ಮೊದಲು ಬಾಯಿ ತೆರೆದವರು ನಾವೇ. 2020ರ ಏಪ್ರಿಲ್ ತಿಂಗಳು ಅದು. ಲಾಕ್‌ಡೌನ್ ಶುರುವಾಗಿ ಎರಡು ವಾರ ಕಳೆದಿತ್ತು. ಮಸೀದಿಯಲ್ಲಿ ಬಾಂಗ್ ಕೊಡುತ್ತಿದ್ದರು, ಜಮಾಅತ್ ಇರಲಿಲ್ಲ. ಪೇಟೆಗೆ ಹೋಗುವ ರಸ್ತೆಯಲ್ಲಿ ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಸಂಜೆಯ ಹೊತ್ತು ಮನೆಯ ಜಗಲಿಯಲ್ಲಿ ಕುಳಿತರೆ ಕಬರಸ್ತಾನದ ಬೇಲಿಯಂಚಿನ ಆ ಮರದಿಂದ ನೂರಾರು ಬಾವಲಿಗಳು ಒಂದರ ಹಿಂದೆ ಒಂದು ಎದ್ದು ಹೊಳೆಯ ಕಡೆಗೆ ಹಾರಿ ಹೋಗುವುದು ಕಾಣುತ್ತಿತ್ತು. ಹುಟ್ಟಿದಂದಿನಿಂದ ನೋಡಿದ ದೃಶ್ಯ. ಆದರೆ ಆ ವರ್ಷ ಅದನ್ನು ನೋಡಿ ಮೈ ಜುಮ್ಮೆಂದಿತು. ಲೋಕವನ್ನೇ ಮನೆಯೊಳಗೆ ಕೂಡಿಹಾಕಿದ ರೋಗ ಬಾವಲಿಯಿಂದ ಬಂದಿದೆ ಎಂದು ಟಿವಿಯವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಅದರ ಜೊತೆಗೆ ಮೊಬೈಲಿಗೆ ಒಂದು ವಿಡಿಯೋ ಬಂತು. ಚೀನಾದ ಯುವತಿಯೊಬ್ಬಳು ಬಾವಲಿಯ ಸೂಪು ಕುಡಿಯುತ್ತಿರುವ ದೃಶ್ಯ. ನೋಡಿದವರೆಲ್ಲ ಥೂ ಎಂದರು. ನಾವೂ ಅಂದೆವು, ಅಂದು ನಾಲ್ಕು ಮಂದಿಗೆ ಕಳಿಸಿದೆವು. ಆ ವಿಡಿಯೋ ವುಹಾನಿನದ್ದಲ್ಲ, 2016ರಲ್ಲಿ ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪರಾಷ್ಟ್ರದಲ್ಲಿ ಪ್ರವಾಸಿಯೊಬ್ಬಳು ತೆಗೆಸಿಕೊಂಡದ್ದು ಎಂದು ತಿಳಿದದ್ದು ಬಹಳ ದಿನಗಳ ಮೇಲೆ. ಅಷ್ಟರಲ್ಲಿ ಕಳಿಸಿ ಆಗಿತ್ತು.

ಮರದ ಒಂದು ಮಗ್ಗುಲು ಕಬರಸ್ತಾನಕ್ಕೆ, ಇನ್ನೊಂದು ಮಗ್ಗುಲು ನೆರೆಯ ಭಟ್ಟರ ಅಡಿಕೆ ತೋಟಕ್ಕೆ ಸೇರಿದ್ದು. ಅವರನ್ನು ಕೇಳದೆ ಮುಟ್ಟುವಂತಿಲ್ಲ. ಫೋನು ಮಾಡಿದೆವು. ಭಟ್ಟರು ಎಲ್ಲವನ್ನೂ ಕೇಳಿ, "ಅದು ಎಂಥ ಮಾಡಿದೆ ಬ್ಯಾರಿಗಳೇ ನಿಮಗೆ? ಮಳೆಗಾಲ ಒಂದು ಮುಗಿಯಲಿ, ಮತ್ತೆ ನೋಡುವ" ಎಂದರು. ಒಳಗಿನಿಂದ ಉಮ್ಮ ಈ ಮಾತುಕತೆ ಕೇಳಿಸಿಕೊಂಡಿದ್ದರು. "ಮೋನೇ, ಆ ಬಾವಲಿ ಬೀಳಿಸಿದ ಅಡಿಕೆ ಹೆಕ್ಕಿಯೇ ಅಲ್ವಾ ನಿಮಗೆ ಸ್ಲೇಟು ತಂದದ್ದು?" ಎಂದರು.

ಅದು ನಿಜ. ಹಣ್ಣಡಿಕೆಯ ಸಿಪ್ಪೆಯಲ್ಲಿ ಸಿಹಿ ರಸವಿರುತ್ತದೆ. ಬಾವಲಿ ಅದನ್ನು ಜಗಿದು ಹೀರಿ ಅಡಿಕೆಯನ್ನು ಕೆಳಗೆ ಬಿಡುತ್ತದೆ. ನಾವು ಚಿಕ್ಕವರಿದ್ದಾಗ ಸುಬಹಿ ನಮಾಝ್ ಮುಗಿಸಿ ಉಮ್ಮ ಬುಟ್ಟಿ ಹಿಡಿದು ಹೊರಡುತ್ತಿದ್ದರು, ಹಿಂದಿನಿಂದ ನಾವು. ಬೇಲಿಯಾಚೆ ಬಿದ್ದ ಬಾವಲಿ ಅಡಿಕೆ ಹೆಕ್ಕಿದವರಿಗೆ ಸೇರಿದ್ದು ಎಂಬುದು ಭಟ್ಟರ ತಂದೆಯ ಕಾಲದಿಂದ ನಡೆದುಬಂದ ಕ್ರಮ. ವಾರಕ್ಕೊಮ್ಮೆ ಅಂಗಡಿಗೆ ಹಾಕಿದರೆ ಉಪ್ಪು, ಸೀಮೆಎಣ್ಣೆಗೆ ಆಗುತ್ತಿತ್ತು. ಅರ್ಧ ಕಚ್ಚಿದ ಪೇರಳೆಯನ್ನೂ ನಾವು ಬಿಟ್ಟವರಲ್ಲ. ಬಾವಲಿ ಕಚ್ಚಿದ್ದು ಹೆಚ್ಚು ಸಿಹಿ ಎಂಬ ನಂಬಿಕೆ ಬೇರೆ.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 2018ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಬಳಿ ನಿಫಾ ಕಾಣಿಸಿಕೊಂಡಿತು. ರೋಗಿಗಳ ಆರೈಕೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ತೀರಿಕೊಂಡರು. ಗಡಿಯಾಚೆಯ ಸುದ್ದಿಗೆ ನಮ್ಮ ಜಿಲ್ಲೆಯೂ ನಡುಗಿತು. ಮಾವು, ಪೇರಳೆ ಕೊಳ್ಳುವವರಿಲ್ಲದಾಯಿತು. ಅಲ್ಲಿ ಬಾವಿಯೊಂದರಿಂದ ಮೊದಲು ಹಿಡಿದು ಪರೀಕ್ಷಿಸಿದ ಬಾವಲಿಗಳಲ್ಲಿ ವೈರಸ್ ಇರಲಿಲ್ಲ, ಅವು ಹುಳ ತಿನ್ನುವ ಜಾತಿಯವು. ಆಮೇಲೆ ಹಿಡಿದ ಹಣ್ಣು ತಿನ್ನುವ ಬಾವಲಿಗಳಲ್ಲಿ ವೈರಸ್ ಸಿಕ್ಕಿತು. ನಿಫಾ ಕೊರೋನಾ ಜಾತಿಯ ವೈರಸ್ ಅಲ್ಲ. ಆದರೂ ಬಾವಲಿಯೆಂದರೆ ರೋಗ ಎಂಬ ಹೆದರಿಕೆ ನಮ್ಮ ಮನಸ್ಸಿನಲ್ಲಿ ಕುಳಿತದ್ದು ಆಗಲೇ.

ಮರದ ಮಾತು ಎತ್ತಿದ ವಾರವೇ ಇನ್ನೊಂದು ಘಟನೆ ನಡೆಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಪೇಟೆಗೆ ಹೋಗಿದ್ದೆವು. ತರಕಾರಿ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ನಮ್ಮ ಸರದಿ ಬಂದಾಗ, ಇಪ್ಪತ್ತು ವರ್ಷಗಳಿಂದ ನಮ್ಮನ್ನು ಬಲ್ಲ ಅಂಗಡಿಯವರು ಕೈ ಅಡ್ಡ ಹಿಡಿದರು. "ನೀವು ಸ್ವಲ್ಪ ಆಚೆ ನಿಲ್ಲಿ. ನಿಮ್ಮವರೇ ಅಲ್ವಾ ಇದನ್ನು ತಂದದ್ದು?" ಎಂದರು. ದಿಲ್ಲಿಯ ನಿಜಾಮುದ್ದೀನಿನ ಸುದ್ದಿ ಟಿವಿಯಲ್ಲಿ ಹಗಲಿರುಳು ಓಡುತ್ತಿದ್ದ ದಿನಗಳು ಅವು. ನಾವು ಏನೂ ಹೇಳದೆ ಖಾಲಿ ಚೀಲ ಹಿಡಿದು ಮನೆಗೆ ಬಂದೆವು. ಆ ಸಂಜೆ ಬಾವಲಿಗಳು ಎದ್ದಾಗ ಅಂಗಡಿಯವರ ಮಾತು ಮತ್ತೆ ಕಿವಿಗೆ ಬಿತ್ತು. ಅದೇ ಮಾತನ್ನು ನಾವು ಭಟ್ಟರಿಗೆ ಫೋನಿನಲ್ಲಿ ಹೇಳಿರಲಿಲ್ಲವೇ? ಇವೇ ಅಲ್ವಾ ತಂದದ್ದು?

ಹೊರಗೆ ಹೋಗುವಂತಿರಲಿಲ್ಲ. ಓದಲು ಬೇಕಾದಷ್ಟು ಹೊತ್ತು ಇತ್ತು. ಆ ಮಳೆಗಾಲದಲ್ಲಿ, ಅದರ ಮುಂದಿನ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹಿಡಿದುಕೊಂಡು ಸಿಕ್ಕಿದ್ದನ್ನೆಲ್ಲ ಓದಿದೆವು. ನಾವು ವಿಜ್ಞಾನಿಗಳಲ್ಲ. ತಿಳಿದವರು ಬರೆದದ್ದರಿಂದ ನಮಗೆ ಅರ್ಥವಾದದ್ದನ್ನು ಇಲ್ಲಿ ಹೇಳುತ್ತೇವೆ.

ಕೊರೋನಾ ಎಂಬ ಹೆಸರು 2020ರಲ್ಲಿ ಹುಟ್ಟಿದ್ದಲ್ಲ. ಗ್ಲಾಸ್ಗೋ ನಗರದ ಬಸ್ ಚಾಲಕರೊಬ್ಬರ ಮಗಳು ಜೂನ್ ಅಲ್ಮೇಡಾ. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಪ್ರಯೋಗಾಲಯದ ಕೆಲಸಕ್ಕೆ ಸೇರಿದವರು. 1960ರ ದಶಕದಲ್ಲಿ ಲಂಡನ್ನಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ನೆಗಡಿಯ ವೈರಸ್ಸೊಂದನ್ನು ನೋಡಿದಾಗ ಅದರ ಸುತ್ತ ಕಿರೀಟದಂಥ ಪ್ರಭೆ ಕಂಡಿತು. 1968ರಲ್ಲಿ ಅವರೂ ಸಂಗಡಿಗರೂ ಈ ಗುಂಪಿಗೆ ಕೊರೋನಾ ಎಂದು ಹೆಸರಿಟ್ಟರು. ಮನುಷ್ಯರಿಗೆ ಸಾಮಾನ್ಯ ನೆಗಡಿ ತರುವ ಇಂಥ ನಾಲ್ಕು ವೈರಸ್‌ಗಳಿವೆ. ಅವುಗಳಲ್ಲಿ ಎರಡು ಬಾವಲಿಗಳ ಮೂಲದವು, ಇನ್ನೆರಡು ಇಲಿ, ಹೆಗ್ಗಣಗಳ ಜಾತಿಯಿಂದ ಬಂದವು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಎಂದರೆ ನಾವೂ ನೀವೂ ಚಿಕ್ಕಂದಿನಲ್ಲಿ ಮೂಗು ಸುರಿಸುತ್ತ ಶಾಲೆಗೆ ಹೋದ ಎಷ್ಟೋ ದಿನಗಳಲ್ಲಿ ಬಾವಲಿಯ ಮೂಲದ ಕೊರೋನಾ ನಮ್ಮ ಜೊತೆಗೇ ಬೆಂಚಿನಲ್ಲಿ ಕುಳಿತಿತ್ತು.

ಆದರೆ ಬಾವಲಿಗೂ ಕೊರೋನಾಕ್ಕೂ ಇರುವ ನಂಟು ಗೊತ್ತಾದದ್ದು ಸಾರ್ಸ್ ಬಂದ ಮೇಲೆಯೇ. 2002ರ ನವೆಂಬರಿನಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಷಾನ್‌ನಲ್ಲಿ ವಿಚಿತ್ರವಾದ ನ್ಯುಮೋನಿಯಾ ಕಾಣಿಸಿಕೊಂಡಿತು. 2003ರ ಫೆಬ್ರವರಿ 21ರಂದು ಅಲ್ಲಿನ ರೋಗಿಗಳಿಗೆ ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರು ಮದುವೆಗೆಂದು ಹಾಂಕಾಂಗ್‌ಗೆ ಬಂದು ಹೋಟೆಲೊಂದರ 9ನೇ ಮಹಡಿಯಲ್ಲಿ ಉಳಿದರು. ಆ ಹೋಟೆಲಿನಲ್ಲಿ ತಂಗಿದ್ದ ಅತಿಥಿಗಳ ಮೂಲಕ ರೋಗ ಹನೋಯ್, ಸಿಂಗಾಪುರ, ಟೊರಾಂಟೊ ತಲುಪಿತು. ಹನೋಯ್‌ನಲ್ಲಿ ಅದರ ಅಪಾಯವನ್ನು ಗುರುತಿಸಿ ಲೋಕಕ್ಕೆ ಎಚ್ಚರಿಕೆ ನೀಡಿದ ಇಟಲಿಯ ವೈದ್ಯ ಕಾರ್ಲೋ ಉರ್ಬಾನಿ ಮಾರ್ಚ್ 29ರಂದು ಅದೇ ರೋಗದಿಂದ ತೀರಿಕೊಂಡರು. ರೋಗ ಅಡಗುವ ಹೊತ್ತಿಗೆ 8,096 ಮಂದಿಗೆ ತಗಲಿ 774 ಮಂದಿ ಪ್ರಾಣ ಕಳೆದುಕೊಂಡಿದ್ದರು.

ಯಾರು ತಂದದ್ದು ಎಂಬ ಪ್ರಶ್ನೆ ಆಗಲೂ ಎದ್ದಿತು. ಮಾಂಸದ ಮಾರುಕಟ್ಟೆಯಲ್ಲಿ ಬೋನಿನಲ್ಲಿಟ್ಟು ಮಾರುತ್ತಿದ್ದ ಪುನುಗು ಬೆಕ್ಕಿನ ಜಾತಿಯ ಪ್ರಾಣಿಗಳಲ್ಲಿ ವೈರಸ್ ಸಿಕ್ಕಿತು. 2004ರ ಜನವರಿಯಲ್ಲಿ ಗುವಾಂಗ್‌ಡಾಂಗಿನಲ್ಲಿ ಸುಮಾರು 10,000 ಬೆಕ್ಕುಗಳನ್ನು ಕೊಲ್ಲಲು ಆದೇಶವಾಯಿತು. ಆದರೆ ಸಾಕಣೆ ಕೇಂದ್ರಗಳ ಬೆಕ್ಕುಗಳಲ್ಲಿ ಹುಡುಕಿದಾಗ ಹೆಚ್ಚಿನವು ಆರೋಗ್ಯವಾಗಿದ್ದವು. ಮಾರುಕಟ್ಟೆಯ ಬೋನುಗಳಲ್ಲಿ ಒಂದರ ಮೇಲೊಂದು ತುಂಬಿಸಿಟ್ಟವಕ್ಕೆ ಮಾತ್ರ ರೋಗ ಹತ್ತಿತ್ತು. ಅವಕ್ಕೂ ಅದು ಬೇರೆ ಎಲ್ಲಿಂದಲೋ ಬಂದದ್ದೇ.

2005ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಉತ್ತರ ಕಂಡುಕೊಂಡವು. ಮೂಗಿನ ಮೇಲೆ ಕುದುರೆಲಾಳದಂಥ ಚರ್ಮದ ಮಡಿಕೆಯಿರುವ ಪುಟ್ಟ ಬಾವಲಿಗಳಲ್ಲಿ ಸಾರ್ಸ್‌ನ ಹತ್ತಿರದ ಬಂಧುಗಳಿದ್ದವು. ಇವು ಹುಳ ತಿಂದು ಗುಹೆಯಲ್ಲಿ ಬದುಕುವವು. ನಮ್ಮ ಗೋಳಿಮರದ ದೊಡ್ಡ ಬಾವಲಿಗಳಿಗೂ ಇವಕ್ಕೂ ಬಹಳ ದೂರ. ಆಮೇಲೆ ಶಿ ಝೆಂಗ್ಲಿ ಎಂಬ ವಿಜ್ಞಾನಿಯ ತಂಡ ಯುನ್ನಾನ್ ಪ್ರಾಂತ್ಯದ ಗುಹೆಯೊಂದಕ್ಕೆ ಐದು ವರ್ಷ ಹೋಗಿ ಬಂದು ಬಾವಲಿಗಳ ಹಿಕ್ಕೆ ಪರೀಕ್ಷಿಸಿತು. ಸಾರ್ಸ್ ವೈರಸ್ಸಿನ ಎಲ್ಲ ಬಿಡಿಭಾಗಗಳೂ ಆ ಒಂದೇ ಗುಹೆಯ ಬೇರೆ ಬೇರೆ ವೈರಸ್‌ಗಳಲ್ಲಿ ಹಂಚಿಹೋಗಿರುವುದು ಕಂಡಿತು. 2017ರಲ್ಲಿ ಇದು ಪ್ರಕಟವಾಯಿತು. ಅದೇ ಪ್ರಾಂತ್ಯದಲ್ಲಿ ಇಂಥ ಗುಹೆಗಳ ಹತ್ತಿರದ ಹಳ್ಳಿಗಳ 218 ಮಂದಿಯ ರಕ್ತ ನೋಡಿದಾಗ 6 ಮಂದಿಯಲ್ಲಿ ಬಾವಲಿ ಕೊರೋನಾದ ವಿರುದ್ಧ ಹುಟ್ಟಿದ ಪ್ರತಿಕಾಯಗಳಿದ್ದವು. ಅವರಿಗೆ ಯಾವ ದೊಡ್ಡ ಕಾಯಿಲೆಯೂ ಬಂದಿರಲಿಲ್ಲ. ವೈರಸ್ ಸದ್ದಿಲ್ಲದೆ ದಾಟಿ ಬಂದು ಅಲ್ಲೇ ಆರಿಹೋಗಿತ್ತು. ಇಂಥ ದಾಟುವಿಕೆ ಎಷ್ಟೋ ನಡೆಯುತ್ತಿರಬೇಕು. ಮಾರುಕಟ್ಟೆ, ವಿಮಾನ, ಕಿಕ್ಕಿರಿದ ಆಸ್ಪತ್ರೆ ಸಿಕ್ಕಿದಾಗ ಮಾತ್ರ ಅದು ಬೆಂಕಿಯಾಗುತ್ತದೆ.

ಎರಡನೆಯ ಕಥೆ ನಮ್ಮ ಕರಾವಳಿಯ ಮನೆಗಳಿಗೆ ಹತ್ತಿರದ್ದು. 2012ರ ಜೂನಿನಲ್ಲಿ ಜಿದ್ದಾದ ಆಸ್ಪತ್ರೆಯೊಂದಕ್ಕೆ ಬಿಶಾ ಊರಿನ 60 ವರ್ಷದ ವ್ಯಕ್ತಿಯೊಬ್ಬರು ನ್ಯುಮೋನಿಯಾದಿಂದ ಸೇರಿ ಹನ್ನೊಂದು ದಿನಗಳಲ್ಲಿ ತೀರಿಕೊಂಡರು. ಅಲ್ಲಿದ್ದ ಈಜಿಪ್ಟಿನ ವಿಜ್ಞಾನಿ ಅಲಿ ಮುಹಮ್ಮದ್ ಝಕಿ ಅವರ ಕಫದಲ್ಲಿ ಹೊಸ ಕೊರೋನಾವನ್ನು ಕಂಡುಹಿಡಿದು, ಸೆಪ್ಟೆಂಬರಿನಲ್ಲಿ ಲೋಕಕ್ಕೆ ತಿಳಿಸಿದರು. ಅದಕ್ಕೆ ಮೆರ್ಸ್ ಎಂದು ಹೆಸರಾಯಿತು. ರೋಗ ಪತ್ತೆಯಾದ ಪ್ರತಿ ನೂರು ಮಂದಿಯಲ್ಲಿ ಸುಮಾರು 35 ಮಂದಿ ತೀರಿಹೋಗುವಷ್ಟು ಕಠಿಣ. ನಮ್ಮ ಮನೆಯವರು ಕೊಲ್ಲಿಯಲ್ಲಿದ್ದರು. ಆ ವರ್ಷಗಳಲ್ಲಿ ಪ್ರತಿ ಫೋನಿನಲ್ಲೂ ಮೊದಲ ಪ್ರಶ್ನೆ ಆರೋಗ್ಯದ್ದೇ. 2013ರಲ್ಲಿ ಸೌದಿ ಸರಕಾರ ವೃದ್ಧರೂ ದೀರ್ಘಕಾಲದ ಕಾಯಿಲೆಯವರೂ ಹಜ್ಜನ್ನು ಮುಂದೂಡುವುದು ಒಳ್ಳೆಯದು ಎಂದು ಸೂಚಿಸಿದಾಗ, ಸಕ್ಕರೆ ಕಾಯಿಲೆಯ ಉಮ್ಮನ ಅರ್ಜಿ ನಾವು ಕಪಾಟಿನಲ್ಲೇ ಇಟ್ಟೆವು. ಅವರು ಮತ್ತೆ ಹೋಗಲಿಲ್ಲ.

ಮೆರ್ಸ್ ಎಲ್ಲಿಂದ? ವಿಜ್ಞಾನಿಗಳು ಬಿಶಾದಲ್ಲಿ ಬಾವಲಿಗಳನ್ನು ಹಿಡಿದು ನೋಡಿದರು. ಒಂದೇ ಒಂದು ಬಾವಲಿಯಲ್ಲಿ ವೈರಸ್ಸಿನ ಬಹಳ ಸಣ್ಣ ತುಣುಕೊಂದು ಸಿಕ್ಕಿತು. ಅಷ್ಟರಿಂದ ಏನನ್ನೂ ಸಾಧಿಸಲಾಗದು. ಒಂಟೆಗಳಲ್ಲಿ ಹುಡುಕಿದಾಗ ಮಾತ್ರ ಚಿತ್ರ ಸ್ಪಷ್ಟವಾಯಿತು. ಮನುಷ್ಯರಿಗೆ ವೈರಸ್ ಬರುತ್ತಿದ್ದುದು ಒಂಟೆಯಿಂದ. ಆಫ್ರಿಕಾದ ಒಂಟೆಗಳಿಂದ 1983ರಲ್ಲೇ ತೆಗೆದಿಟ್ಟಿದ್ದ ರಕ್ತದಲ್ಲೂ ಅದರ ಗುರುತಿತ್ತು. ಒಂಟೆಗೆ ಅದು ನೆಗಡಿ. ವೈರಸ್ಸಿನ ದೂರದ ಬಂಧುಗಳು ಬಾವಲಿಗಳಲ್ಲಿರುವುದರಿಂದ ಬಹಳ ಹಿಂದೆ ಬಾವಲಿಯಿಂದ ಒಂಟೆಗೆ ಹೋಗಿರಬೇಕೆಂದು ಊಹಿಸುತ್ತಾರೆ. ಆದರೆ ಹೆಚ್ಚು ಜನ ಸತ್ತದ್ದು ಒಂಟೆಯ ಹತ್ತಿರ ಹೋಗಿ ಅಲ್ಲ. 2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಕೊಲ್ಲಿಯಿಂದ ಮರಳಿದ ಒಬ್ಬ ಪ್ರಯಾಣಿಕನಿಂದ ಆರಂಭವಾಗಿ 186 ಮಂದಿಗೆ ಹಬ್ಬಿ 38 ಮಂದಿ ತೀರಿಹೋದರು. ಅಲ್ಲಿ ಒಂಟೆಯೂ ಇರಲಿಲ್ಲ, ಬಾವಲಿಯ ಗುಹೆಯೂ ಇರಲಿಲ್ಲ. ಇದ್ದದ್ದು ಆಸ್ಪತ್ರೆಗಳ ತುರ್ತು ಚಿಕಿತ್ಸಾ ಕೊಠಡಿಗಳ ನೂಕುನುಗ್ಗಲು.

ಇನ್ನು ಕೋವಿಡ್. 2019ರ ಡಿಸೆಂಬರಿನಲ್ಲಿ ವುಹಾನ್‌ನಲ್ಲಿ ಕಾಣಿಸಿಕೊಂಡ ವೈರಸ್ಸಿಗೆ ಬಹಳ ಹತ್ತಿರದ ಒಂದು ಬಂಧು ಯುನ್ನಾನ್‌ನಲ್ಲಿ 2013ರಲ್ಲಿ ಸಂಗ್ರಹಿಸಿದ ಕುದುರೆಲಾಳ ಬಾವಲಿಯ ಮಾದರಿಯಲ್ಲಿತ್ತು. ಎರಡರ ಹೋಲಿಕೆ ನೂರಕ್ಕೆ 96. ಆಮೇಲೆ ಲಾವೋಸ್ ದೇಶದ ಸುಣ್ಣಕಲ್ಲಿನ ಗುಹೆಗಳ ಬಾವಲಿಯಲ್ಲಿ ನೂರಕ್ಕೆ 96.8ರಷ್ಟು ಹೋಲುವ ಇನ್ನೊಂದು ಸಿಕ್ಕಿತು. ಕೇಳುವಾಗ ಒಂದೇ ಎಂಬಂತಿದೆ. ಆದರೆ ಈ ವೈರಸ್ಸಿನ ಬರಹದಲ್ಲಿ ಸುಮಾರು 30,000 ಅಕ್ಷರಗಳಿವೆ. ನೂರಕ್ಕೆ ಮೂರು ನಾಲ್ಕು ವ್ಯತ್ಯಾಸವೆಂದರೆ ಸಾವಿರದಷ್ಟು ಅಕ್ಷರ ಬೇರೆ, ಅಂದರೆ ಹಲವು ದಶಕಗಳ ಅಂತರ. ಬಾವಲಿಯೊಂದು ಬಂದು ಮನುಷ್ಯನಿಗೆ ನೇರವಾಗಿ ಕೊಟ್ಟು ಹೋಯಿತು ಎನ್ನಲು ಇದು ಸಾಲದು. ಪ್ರಾಣಿಗಳಿಂದ ಮನುಷ್ಯರಿಗೆ ಬಂತು ಎನ್ನುವುದರ ಕಡೆಗೆ ಹೆಚ್ಚಿನ ಸಾಕ್ಷ್ಯ ವಾಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2025ರ ಜೂನಿನಲ್ಲಿ ಹೇಳಿತು. ಚೀನಾದಿಂದ ಬೇಕಾದ ಮಾಹಿತಿ ದೊರೆಯದ ಕಾರಣ ಪ್ರಯೋಗಾಲಯದ ಅವಘಡವನ್ನೂ ತಳ್ಳಿಹಾಕಲಾಗದು ಎಂದೂ ಅದೇ ಸಮಿತಿ ಸೇರಿಸಿತು. ಲೋಕದ ದೊಡ್ಡ ತಜ್ಞರೇ ಹೀಗೆ ತೂಗಿ ನೋಡಿ ಮಾತಾಡುವಾಗ, ಜಗಲಿಯಲ್ಲಿ ಕುಳಿತ ನಾವು ಒಂದು ಸಂಜೆಗೆ ತೀರ್ಪು ಕೊಟ್ಟುಬಿಟ್ಟಿದ್ದೆವು.

ನಮ್ಮ ದೇಶದ ಬಾವಲಿಗಳ ವಿಷಯವೇನು? ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಹಲವು ರಾಜ್ಯಗಳ ಹಣ್ಣು ತಿನ್ನುವ ಬಾವಲಿಗಳನ್ನು ಪರೀಕ್ಷಿಸಿ 2020ರ ಏಪ್ರಿಲಿನಲ್ಲಿ ವರದಿ ಪ್ರಕಟಿಸಿದರು. ಕೇರಳ, ತಮಿಳುನಾಡು, ಪುದುಚೇರಿ, ಹಿಮಾಚಲ ಪ್ರದೇಶಗಳ ಕೆಲವು ಬಾವಲಿಗಳಲ್ಲಿ ಕೊರೋನಾ ಜಾತಿಯ ವೈರಸ್ ಸಿಕ್ಕಿತು. ಅದು ಕೋವಿಡ್ ತರುವ ವೈರಸ್ ಆಗಿರಲಿಲ್ಲ. ಕರ್ನಾಟಕದಿಂದ ತೆಗೆದ ಮಾದರಿಗಳಲ್ಲಿ ಏನೂ ಸಿಗಲಿಲ್ಲ. ಈ ವರದಿ ಬಂದದ್ದು ನಾವು ಭಟ್ಟರಿಗೆ ಫೋನು ಮಾಡಿದ ಅದೇ ತಿಂಗಳು. ಅದೇ ತಿಂಗಳು ದಕ್ಷಿಣ ಏಷ್ಯಾದ ಆರು ದೇಶಗಳ 64 ಮಂದಿ ಬಾವಲಿ ತಜ್ಞರು, ಬಾವಲಿಗಳನ್ನು ಕೊಲ್ಲಬೇಡಿ, ಓಡಿಸಬೇಡಿ ಎಂದು ಜನರಲ್ಲಿ ಕೇಳಿಕೊಂಡಿದ್ದರು. ಎರಡೂ ನಮ್ಮ ಮೊಬೈಲಿಗೆ ಬರಲಿಲ್ಲ. ಸೂಪಿನ ವಿಡಿಯೋ ಮಾತ್ರ ಬಂದಿತ್ತು.

ಇಷ್ಟು ವೈರಸ್‌ಗಳನ್ನು ಹೊತ್ತುಕೊಂಡು ಬಾವಲಿ ಹೇಗೆ ಬದುಕುತ್ತದೆ ಎಂಬುದು ಇನ್ನೊಂದು ಅಚ್ಚರಿ. ಹಾರಬಲ್ಲ ಸಸ್ತನಿ ಅದೊಂದೇ. ಹಾರುವಾಗ ಅದರ ದೇಹಕ್ಕೆ ಬೀಳುವ ದುಡಿಮೆ ಅಪಾರ. ಅದರಿಂದ ಒಳಗೆ ಆಗುವ ಹಾನಿಗೆಲ್ಲ ದೇಹ ಉರಿದುಬಿದ್ದರೆ ಬಾವಲಿ ಬದುಕುವುದಿಲ್ಲ. ಹಾಗಾಗಿ ಅದರ ದೇಹ ವೈರಸ್ಸನ್ನು ಕಂಡಾಗಲೂ ಅತಿಯಾಗಿ ಕೆರಳುವುದಿಲ್ಲ, ಅದನ್ನು ಹದ್ದುಬಸ್ತಿನಲ್ಲಿಟ್ಟು ಜೊತೆಗೆ ಬಾಳುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಕೋವಿಡ್‌ನಲ್ಲಿ ನಮ್ಮವರಲ್ಲಿ ಎಷ್ಟೋ ಮಂದಿ ಸತ್ತದ್ದು ವೈರಸ್ಸಿನ ಪೆಟ್ಟಿಗಿಂತ ಹೆಚ್ಚಾಗಿ ತಮ್ಮದೇ ದೇಹ ಅದರ ವಿರುದ್ಧ ಮಿತಿಮೀರಿ ಕೆರಳಿದ್ದರಿಂದ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಹಾಗಾದರೆ ಬಾವಲಿಗಳನ್ನು ಕೊಂದುಬಿಟ್ಟರೆ ಅಪಾಯ ತಪ್ಪುತ್ತದೆಯೇ? ಉಗಾಂಡಾದವರು ಇದನ್ನು ಮಾಡಿ ನೋಡಿದ್ದಾರೆ. ಕಿಟಾಕ ಎಂಬ ಗಣಿಯಲ್ಲಿ 2007ರಲ್ಲಿ ಕಾರ್ಮಿಕರಿಗೆ ಮಾರ್ಬರ್ಗ್ ಜ್ವರ ತಗಲಿತು. ಅದು ಕೊರೋನಾ ಅಲ್ಲ, ಆದರೆ ಅದೂ ಬಾವಲಿಯಿಂದ ಬಂದದ್ದೇ. ಗಣಿಯ ಬಾವಲಿಗಳನ್ನೆಲ್ಲ ಕೊಂದು ಗುಹೆ ಮುಚ್ಚಿದರು. 2012ರಲ್ಲಿ ಅದೇ ಪ್ರದೇಶದಲ್ಲಿ ಅದೇ ಜ್ವರ ಮತ್ತೆ ಬಂತು. ಗಣಿಗೆ ಹೊಸದಾಗಿ ಬಂದು ನೆಲೆಸಿದ್ದ ಬಾವಲಿಗಳಲ್ಲಿ ನೂರಕ್ಕೆ 13ರಲ್ಲಿ ವೈರಸ್ ಇತ್ತು. ಕೊಲ್ಲುವ ಮೊದಲು ಇದ್ದದ್ದು ನೂರಕ್ಕೆ 5ರಲ್ಲಿ. ಹಳೆಯ ಬಿಡಾರ ಕೆಡವಿದಾಗ ರೋಗ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಅತ್ತ ಅಮೆರಿಕದಲ್ಲಿ ಶಿಲೀಂಧ್ರ ರೋಗದಿಂದ ಬಾವಲಿಗಳು ಸತ್ತುಹೋದ ಕಡೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ನೂರಕ್ಕೆ 31ರಷ್ಟು ಹೆಚ್ಚಿಸಬೇಕಾಯಿತು ಎಂದು 2024ರ ಅಧ್ಯಯನವೊಂದು ತೋರಿಸಿತು. ಬಾವಲಿ ತಿನ್ನುತ್ತಿದ್ದ ಹುಳಗಳನ್ನು ಅಲ್ಲಿ ವಿಷ ಹಾಕಿ ಕೊಲ್ಲಬೇಕಾಗಿ ಬಂತು.

ನಮ್ಮ ಕಾನೂನಿಗೂ ಈ ಬುದ್ಧಿ ಬಂದದ್ದು ತಡವಾಗಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಯನ್ನು ಕಾಗೆ, ಇಲಿಗಳ ಜೊತೆ ಉಪದ್ರವದ ಪ್ರಾಣಿಗಳ ಪಟ್ಟಿಯಲ್ಲಿಟ್ಟಿದ್ದರು. ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿ ಜಾತಿಯೊಂದು ಲೋಕದಲ್ಲಿ ಬೇರೆಲ್ಲೂ ಇರುವುದು ಗೊತ್ತಿಲ್ಲ. ಇನ್ನೂರಕ್ಕಿಂತ ಕಡಿಮೆ ಉಳಿದಿವೆಯಂತೆ. ಬೆಳಗಾವಿಯ ಭೀಮಗಡ ಅಭಯಾರಣ್ಯವಾದದ್ದಕ್ಕೂ ಅಲ್ಲಿನ ಬಾರಾಪೇಡೆ ಗುಹೆಗಳ ಅಪರೂಪದ ಬಾವಲಿ ಒಂದು ಕಾರಣ. ನಾವು ಇದನ್ನೆಲ್ಲ ತಿಳಿದದ್ದು ಮರ ಕಡಿಸಲು ಹೊರಟ ಮೇಲೆ.

ಓದಿ ತಿಳಿದದ್ದು ಇಷ್ಟು. ಆದರೆ ಯಾರು ತಂದದ್ದು ಎಂಬ ಪ್ರಶ್ನೆ ಏನೆಂಬುದನ್ನು ನಮಗೆ ಕಲಿಸಿದ್ದು ಪುಸ್ತಕವಲ್ಲ.

2021ರ ರಮಝಾನ್. ಎರಡನೆಯ ಅಲೆ ಏರುತ್ತಿದ್ದ ದಿನಗಳು. ಉಮ್ಮ ಒಂದು ವರ್ಷದಿಂದ ಮನೆಯ ಮೆಟ್ಟಿಲು ಇಳಿದಿರಲಿಲ್ಲ. ಅವರ ಕೋಣೆಗೆ ಹೊರಗಿನವರನ್ನು ನಾವು ಬಿಡುತ್ತಿರಲಿಲ್ಲ. ಏಪ್ರಿಲ್ ಕೊನೆಯ ವಾರ ಹತ್ತಿರದ ಸಂಬಂಧಿಕರ ಮನೆಗೆ ಇಫ್ತಾರಿಗೆ ಕರೆದರು. ಹತ್ತು ಮಂದಿ ಮಾತ್ರ ಎಂದರು. ಗಂಡ ಹೆಂಡತಿ ಇಬ್ಬರೂ ಹೋಗಿ ಬಂದೆವು. ಮೂರನೆಯ ದಿನ ಗಂಟಲು ಕೆರೆತ, ಸ್ವಲ್ಪ ಜ್ವರ. ಉಪವಾಸದ ಆಯಾಸ ಎಂದುಕೊಂಡೆವು. ಆ ರಾತ್ರಿಯೂ ಉಮ್ಮನಿಗೆ ಇನ್ಸುಲಿನ್ ಚುಚ್ಚಿ, ಗಂಜಿ ಕೊಟ್ಟು, ಹೊದಿಕೆ ಹೊದಿಸಿದವರು ನಾವೇ. ಒಂದು ವಾರದೊಳಗೆ ಅವರಿಗೆ ಉಸಿರು ಸಿಗದಾಯಿತು. ಆಮ್ಲಜನಕದ ಹಾಸಿಗೆಗಾಗಿ ನಾಲ್ಕು ಕಡೆ ಅಲೆದು ಐದನೆಯ ಕಡೆ ಸಿಕ್ಕಿತು. ಈದ್‌ಗೆ ಮೂರು ದಿನ ಇರುವಾಗ ತೀರಿಕೊಂಡರು.

ನಮಗೆ ಗುಣವಾಗಿತ್ತು, ಆದರೆ ಮಯ್ಯಿತ್‌ನ ಹತ್ತಿರ ಹೋಗಲು ಬಿಡಲಿಲ್ಲ. ಬಿಳಿ ಪಿಪಿಇ ಕಿಟ್ ತೊಟ್ಟ ಹುಡುಗರು ಬಂದು ಎಲ್ಲ ಮಾಡಿದರು. ಯಾರ ಮಕ್ಕಳೋ, ಮುಖವೂ ಕಾಣಲಿಲ್ಲ. ನಾವು ಬೇಲಿಯಾಚೆ, ಗೋಳಿಮರದ ಕೆಳಗೆ ನಿಂತು ನೋಡಿದೆವು. ಭಟ್ಟರು ತಮ್ಮ ತೋಟದ ಅಂಚಿನಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಮಣ್ಣು ಹಾಕಿ ಮುಗಿಸುವಾಗ ಮಗ್ರಿಬ್‌ನ ಹೊತ್ತು. ಮೇಲಿನಿಂದ ಬಾವಲಿಗಳು ಎದ್ದವು.

ಆ ಮೇಲೆ ತಿಂಗಳುಗಟ್ಟಲೆ ನಮಗೆ ನಿದ್ದೆ ಇರಲಿಲ್ಲ. ಯಾರು ತಂದದ್ದು? ಈ ಸಲ ಉತ್ತರಕ್ಕೆ ಯಾವ ಗುಹೆಗೂ ಹೋಗಬೇಕಿರಲಿಲ್ಲ. ನಾವೇ ತಂದದ್ದು. ಇಫ್ತಾರಿನ ಮನೆಯಿಂದ ಈ ಎರಡು ಕೈಗಳಲ್ಲಿ, ಈ ಉಸಿರಿನಲ್ಲಿ ತಂದು ಉಮ್ಮನಿಗೆ ಕೊಟ್ಟದ್ದು. ಆ ಮನೆಗೆ ಇನ್ನಾರೋ ತಂದಿದ್ದರು, ಅವರಿಗೆ ಮತ್ತಾರೋ. ನಾವು ಉಮ್ಮನನ್ನು ಕೊಂದೆವೇ? ಹೀಗೆ ಕೇಳಿದವರು ಯಾರೂ ಇಲ್ಲ. ಭಟ್ಟರು ಕೇಳಲಿಲ್ಲ, ಸಂಬಂಧಿಕರು ಕೇಳಲಿಲ್ಲ. ತರಕಾರಿ ಅಂಗಡಿಯವರೂ ಮನೆಗೆ ಬಂದು ಗೇಟಿನ ಹೊರಗೆ ನಿಂತು, "ಅಮ್ಮ ಹೋದರಂತೆ, ಗೊತ್ತಾಯಿತು" ಎಂದು ಒಂದು ಚೀಲ ಹಣ್ಣು ಇಟ್ಟು ಹೋದರು. ಆ ಹಿಂದಿನ ವರ್ಷ ಅವರು ಅಂದದ್ದನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ರೋಗವನ್ನು ಹೊತ್ತವನು ಬೇರೆ, ಅಪರಾಧಿ ಬೇರೆ. ಇದು ಎಷ್ಟು ಸರಳ ಮಾತು! ಆದರೆ ಹೆದರಿಕೆಯ ಹೊತ್ತಿನಲ್ಲಿ ಇವೆರಡನ್ನೂ ಒಂದು ಮಾಡಲು ಒಂದು ಕ್ಷಣ ಸಾಕು. ಗುವಾಂಗ್‌ಡಾಂಗಿನ ಬೆಕ್ಕುಗಳಿಗೆ ಆದದ್ದು ಅದೇ. 2020ರಲ್ಲಿ ನಮ್ಮ ನಗರಗಳಲ್ಲಿ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರನ್ನು ಮುಖ ನೋಡಿ ಕೊರೋನಾ ಎಂದು ಕರೆದದ್ದೂ ಅದೇ. ನಿಜಾಮುದ್ದೀನಿನ ಸಭೆಗೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟಿನಲ್ಲಿ ರದ್ದುಪಡಿಸಿತು, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಆ ತೀರ್ಪು ಓದಿ ನಾವು ಸಮಾಧಾನಪಟ್ಟೆವು. ನಮ್ಮ ಬಾಯಿಂದಲೂ ಅಂಥದೇ ಒಂದು ತೀರ್ಪು ಹೊರಟಿತ್ತು, ಮರವೊಂದರ ಮೇಲೆ, ಎಂಬುದು ನೆನಪಾದದ್ದು ಆಮೇಲೆ. ದೂಷಣೆಗೆ ಗುರಿಯಾದವರು ಇನ್ನೊಬ್ಬರನ್ನು ದೂಷಿಸುವುದಿಲ್ಲ ಎಂದು ಯಾರು ಹೇಳಿದರು?

ಹಾಗೆಂದು ಹೊತ್ತವನಿಗೆ ಹೊಣೆಯೇ ಇಲ್ಲವೇ? ಇದೆ. ಬಾವಲಿಗೆ ಹೊಣೆ ಹೊರುವ ಬುದ್ಧಿ ಇಲ್ಲ, ನಮಗೆ ಇದೆ. ಗಂಟಲು ಕೆರೆದ ಆ ರಾತ್ರಿ ಮಾಸ್ಕ್ ಹಾಕಿಕೊಂಡು, ಇನ್ಸುಲಿನ್ ಚುಚ್ಚಲು ಬೇರೆಯವರನ್ನು ಕರೆಯಬಹುದಿತ್ತು. ಎಲ್ಲಿಂದ ಬಂತು ಎಂದು ತಿಳಿಯುವುದು ಇಂಥ ಎಚ್ಚರಕ್ಕಾಗಿ. ವಿಜ್ಞಾನಿಗಳು ಗುಹೆಗಳಿಗೆ ಇಳಿಯುವುದೂ ಅದಕ್ಕೇ, ಮುಂದಿನ ಸಲ ಯಾವ ದಾರಿಯಲ್ಲಿ ಬರಬಹುದೆಂದು ಮೊದಲೇ ನೋಡಿಟ್ಟುಕೊಳ್ಳಲು. ಆ ದಾರಿಯ ಹೆಚ್ಚಿನ ಭಾಗ ಮನುಷ್ಯರು ಹಾಕಿದ್ದು. ಕಾಡು ಕಡಿದು, ಗುಹೆಯ ಬಾಯಿಗೆ ಗಣಿ ತೋಡಿ, ಪ್ರಾಣಿಗಳನ್ನು ಬೋನಿನಲ್ಲಿ ತುಂಬಿ ಮಾರುಕಟ್ಟೆಗೆ ತಂದವರು ಬಾವಲಿಗಳಲ್ಲ.

ಭಟ್ಟರ ಮಳೆಗಾಲ ಮುಗಿದು ಎಷ್ಟೋ ಮಳೆಗಾಲಗಳಾದವು. ಮರದ ಮಾತನ್ನು ನಾವು ಮತ್ತೆ ಎತ್ತಲಿಲ್ಲ. ಬಾವಿಗೆ ಬಲೆ ಹೊದಿಸಿದ್ದೇವೆ. ಕಚ್ಚಿದ ಪೇರಳೆಯನ್ನು ಮಕ್ಕಳು ಮುಟ್ಟುವುದಿಲ್ಲ, ಉಳಿದದ್ದನ್ನು ತೊಳೆದು ಸಿಪ್ಪೆ ತೆಗೆದು ತಿನ್ನುತ್ತೇವೆ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಹಿಡಿಯಬಾರದೆಂದು ಅವರಿಗೆ ಹೇಳಿಕೊಟ್ಟಿದ್ದೇವೆ. ಕಲ್ಲೆಸೆಯಬಾರದು ಎಂದೂ ಹೇಳಿದ್ದೇವೆ. ಬೇಲಿಯಾಚೆ ಬೀಳುವ ಅಡಿಕೆಯನ್ನು ಈಗ ನಮ್ಮ ಮನೆಯವರು ಹೆಕ್ಕುವುದಿಲ್ಲ, ಹೆಕ್ಕಬೇಕಾದ ಬಡತನ ಈಗ ಇಲ್ಲ. ಶುಕ್ರವಾರ ಉಮ್ಮನ ಕಬರಿನ ಹತ್ತಿರ ಹೋದಾಗ ಒಂದೆರಡು ಮಣ್ಣಿನ ಮೇಲೆ ಬಿದ್ದಿರುತ್ತವೆ. ಕಾಲಿಗೆ ಸಿಗದಂತೆ ಕೋಲಿನಿಂದ ಬದಿಗೆ ಸರಿಸಿ, ಸಲಾಂ ಹೇಳಿ ಬರುತ್ತೇವೆ.